ದೊಡ್ಡ ಚಿತ್ರನ ಟೈಲ್ ಮಾಡಿ ವೆಬ್‌ಗೆ ಹಾಕೋದು: ಡೀಪ್ ಝೂಮಾ, ಲೀಫ್ಲೆಟ್ಟಾ, ಟ್ರಿಪಲ್ ಐ ಎಫ್ಫಾ?

ನಮ್ಮನೇಲಿ ದೊಡ್ಡಪ್ಪ ಬರೆದಿಟ್ಟ ಒಂದು ವಂಶವೃಕ್ಷ ಇದೆ. ಆರಡಿ ಉದ್ದ, ಮೂರಡಿ ಎತ್ತರ, ಡ್ರಾಯಿಂಗ್ ಶೀಟುಗಳನ್ನ ಜೋಡಿಸಿ ಹಿಂದೆ ಬಟ್ಟೆ ಅಂಟಿಸಿದ್ದು. ಒಂಬತ್ತು ತಲೆಮಾರು, ಎಲ್ಲಾ ಕಪ್ಪು ಶಾಯಿ, ದತ್ತು ಬಂದವರ ಹೆಸರು ಮಾತ್ರ ಕೆಂಪು ಶಾಯಿ. ಹೋದ್ವರ್ಷ ದೇವರ ಕಾರ್ಯಕ್ಕೆ ಎಲ್ಲಾ ಸೇರಿದಾಗ ಒಬ್ಬೊಬ್ಬರೂ ಮೊಬೈಲ್ ತೆಗೆದು ಫೋಟೋ ಹೊಡ್ಕೊಂಡ್ರು, ಆಮೇಲೆ ಝೂಮ್ ಮಾಡಿ ನೋಡಿದ್ರೆ ಹೆಸರೆಲ್ಲಾ ಇರುವೆ ಸಾಲು, ವಾಟ್ಸಾಪಲ್ಲಿ ಕಳ್ಸಿದ್ಮೇಲಂತೂ ಇರುವೆನೂ ಕಾಣಲ್ಲ. "ನೀನು ಕಂಪ್ಯೂಟರ್ ಓದಿದೋನಲ್ವ, ಏನಾದ್ರೂ ಮಾಡು" ಅಂತ ನನ್ನ ತಲೆಗೆ ಕಟ್ಟಿದ್ರು.

ಕಟ್ಟಡದ ಪ್ಲಾನ್ ಎಲ್ಲಾ ಸ್ಕ್ಯಾನ್ ಮಾಡೋ ಅಂಗಡೀಲಿ 300 ಡಿಪಿಐಗೆ (ಅಂದ್ರೆ ಇಂಚಿಗೆ 300 ಚುಕ್ಕೆ) ಸ್ಕ್ಯಾನ್ ಮಾಡಿಸ್ದೆ. ಬಂದಿದ್ದು 21,600 × 10,800 ಪಿಕ್ಸೆಲ್. ಅಂದ್ರೆ 23 ಕೋಟಿಗೂ ಮೇಲೆ ಪಿಕ್ಸೆಲ್. ಇದನ್ನ ಹಂಗೇ ಒಂದು ಜೆಪೆಗ್ ಮಾಡಿ ಪೇಜಲ್ಲಿ ಹಾಕಿದ್ರೆ ಏನ್ ತೊಂದ್ರೆ ಅಂತ ಕೇಳ್ತಾರೆ ಜನ. ಫೈಲ್ ಸೈಜ್ ಒಂದು ತೊಂದ್ರೆ, ಸರಿ, ಆದ್ರೆ ಅದಕ್ಕಿಂತ ದೊಡ್ಡದು ಮೆಮೊರಿ. ಜೆಪೆಗ್ ಡಿಸ್ಕಲ್ಲಿ ಎಷ್ಟೇ ಚಿಕ್ಕದಿರ್ಲಿ, ಬ್ರೌಸರ್ ಅದನ್ನ ಬಿಡಿಸಿದಾಗ ಒಂದೊಂದು ಪಿಕ್ಸೆಲ್‌ಗೆ ನಾಲ್ಕು ಬೈಟ್ ಬೇಕು, ಲೆಕ್ಕ ಹಾಕಿ, 93 ಕೋಟಿ ಬೈಟ್, ಒಂದು ಜಿಬಿಗೆ ಸ್ವಲ್ಪ ಕಮ್ಮಿ. ಅತ್ತೆಯ ಹಳೇ ಮೊಬೈಲಲ್ಲಿ ಟ್ಯಾಬ್ ಅಲ್ಲೇ ಮಕಾಡೆ ಮಲಗ್ತು. ನನ್ ಲ್ಯಾಪ್‌ಟಾಪಲ್ಲೂ ಸ್ಕ್ರಾಲ್ ಮಾಡಿದ್ರೆ ಎತ್ತಿನಗಾಡಿ.

ಅದಕ್ಕೇ ಟೈಲ್. ಚಿತ್ರನ ಚಿಕ್ಕ ಚಿಕ್ಕ ಚೌಕ ಮಾಡಿ ಕತ್ತರಿಸಿ, ಪರದೆ ಮೇಲೆ ಈಗ ಕಾಣ್ತಿರೋ ಚೌಕಗಳನ್ನ ಮಾತ್ರ ತರಿಸ್ಕೊಳ್ಳೋದು. 2005ರಲ್ಲಿ ಗೂಗಲ್ ಮ್ಯಾಪ್ಸ್ ಬಂದಾಗಿಂದ ನಾವೆಲ್ಲಾ ದಿನಾ ಬಳಸ್ತಿರೋದು ಇದನ್ನೇ. ಮೇಲೆ ತಲೆಬರಹದಲ್ಲಿ ಹೆಸರಿಸಿದ ಮೂರೂ ಇದನ್ನ ಮಾಡೋ ಮೂರು ದಾರಿ.

ಒಂದ್ ಮಾತು ಮೊದಲೇ ಹೇಳ್ಬಿಡ್ತೀನಿ. ನಿಮ್ ಚಿತ್ರ ನಾಲ್ಕೈದು ಸಾವಿರ ಪಿಕ್ಸೆಲ್ ಅಗಲದ ಒಳಗಿದ್ರೆ ಈ ಸಹವಾಸಕ್ಕೇ ಬರ್ಬೇಡಿ. ಎರಡು ಮೂರು ಸೈಜಲ್ಲಿ ಸೇವ್ ಮಾಡಿ ಪೇಜಿನ ಕೋಡಲ್ಲಿ ಸೋರ್ಸ್‌ಸೆಟ್ (ಆ ಸೈಜುಗಳ ಪಟ್ಟಿ) ಕೊಟ್ರೆ ಮುಗೀತು, ಮೊಬೈಲ್ ತನಗೆ ಬೇಕಾದ್ದನ್ನ ತಾನೇ ಆರಿಸ್ಕೊಳ್ಳುತ್ತೆ. ಮದುವೆ ಫೋಟೋಗೆಲ್ಲಾ ಟೈಲ್ ಮಾಡಿರೋರನ್ನ ನೋಡಿದೀನಿ, ಮನೆ ಬಾಗಿಲಿಗೆ ಹೋಗೋಕೆ ಬಸ್ ಬುಕ್ ಮಾಡ್ದಂಗೆ.

ಬರೀ ಕತ್ತರಿಸಿದ್ರೆ ಸಾಲಲ್ಲ

ನಾನು ಮೊದ್ಲು ಮಾಡಿದ ದಡ್ಡತನ ಇದು. ಚಿತ್ರ ತಿದ್ದೋ ಫ್ರೀ ಟೂಲಾದ ಇಮೇಜ್‌ಮ್ಯಾಜಿಕ್‌ನಲ್ಲಿ ಕ್ರಾಪ್ ಅಂತ ಒಂದು ಆಪ್ಷನ್ ಇದೆ, 256 × 256 ಅಂತ ಕೊಟ್ರೆ ಚಿತ್ರನ ಚೌಕ ಚೌಕ ಮಾಡಿ ಕೊಡುತ್ತೆ, ಅದನ್ನೆಲ್ಲಾ ಪೇಜಲ್ಲಿ ಸಾಲಾಗಿ ಜೋಡ್ಸಿದ್ರೆ ಆಯ್ತು ಅಂದ್ಕೊಂಡೆ. ಮೊದಲನೇ ಏಟಿಗೇ ಅದು ಎರರ್ ಕೊಡ್ತು, ಯಾಕಂದ್ರೆ ಉಬುಂಟು ಲಿನಕ್ಸಲ್ಲಿ ಬರೋ ಇಮೇಜ್‌ಮ್ಯಾಜಿಕ್‌ನ ಪಾಲಿಸಿ ಫೈಲಲ್ಲಿ ಅಗಲಕ್ಕೂ ಎತ್ತರಕ್ಕೂ 16,000 ಪಿಕ್ಸೆಲ್ ಮಿತಿ ಇದೆ, ನಮ್ದು 21,600. ಸರಿ ಪೈಥಾನ್ ಹಿಡಿಯೋಣ ಅಂತ ಪಿಲ್ಲೋ ಲೈಬ್ರರಿಗೆ ಹೋದ್ರೆ ಅದು "ಡಿಕಂಪ್ರೆಷನ್ ಬಾಂಬ್" ಅಂತ ಬೈತು, ಅಂದ್ರೆ ಬಿಡಿಸಿದ್ರೆ ಮೆಮೊರಿ ಪೂರ್ತಿ ನುಂಗೋಕೆ ಬೇಕಂತ್ಲೇ ಮಾಡಿದ ಫೈಲ್. ಸುಮಾರು 8.9 ಕೋಟಿ ಪಿಕ್ಸೆಲ್ ದಾಟಿದ್ರೆ ವಾರ್ನಿಂಗ್, ಅದರ ಎರಡರಷ್ಟು ದಾಟಿದ್ರೆ ಎರರ್ರೇ. ದೊಡ್ಡಪ್ಪನ ವಂಶವೃಕ್ಷನ ಬಾಂಬ್ ಅಂದ್ಬಿಡ್ತಲ್ಲಪ್ಪ! ಎರಡೂ ಮಿತಿ ತೆಗೆದುಹಾಕ್ಬೋದು, ತೆಗೆದೆ, ಕತ್ತರಿಸ್ದೆ, ಜೋಡ್ಸಿದೆ. ಆಮೇಲೆ ಗೊತ್ತಾಯ್ತು ಇದ್ರಿಂದ ಏನೂ ಉಪಯೋಗ ಇಲ್ಲ ಅಂತ, ಯಾಕಂದ್ರೆ ಪೂರ್ತಿ ಮರ ಒಂದೇ ಸಲ ನೋಡ್ಬೇಕು ಅಂದ್ರೆ ಮೂರು ಸಾವಿರದ ಆರುನೂರು ಚಿಲ್ಲರೆ ಚೌಕಾನೂ ತರಿಸ್ಬೇಕು, ವಾಪಸ್ ಮೊದಲಿದ್ದ ಜಾಗಕ್ಕೇ ಬಂದ್ವಿ.

ಬೇಕಾಗಿರೋದು ಪಿರಮಿಡ್. ಪೂರ್ತಿ ಸೈಜಿನ ಟೈಲ್ ಒಂದು ಹಂತ, ಅದರ ಅರ್ಧ ಅಗಲ ಅರ್ಧ ಎತ್ತರದ್ದು ಇನ್ನೊಂದು, ಅದರ ಅರ್ಧ ಮತ್ತೊಂದು, ಹಿಂಗೇ ಕೊನೆಗೆ ಇಡೀ ಚಿತ್ರ ಒಂದೇ ಟೈಲಲ್ಲಿ ಕೂರೋ ತನಕ. ದೂರದಿಂದ ನೋಡುವಾಗ ಮೇಲಿನ ಹಂತದ ಒಂದೆರಡು ಟೈಲ್ ಸಾಕು, ಹತ್ರ ಹೋದಂಗೆ ಕೆಳಗಿನ ಹಂತ. ಇಷ್ಟೆಲ್ಲಾ ಹಂತ ಮಾಡಿದ್ರೆ ಜಾಗ ಜಾಸ್ತಿ ತಿನ್ನಲ್ವ ಅಂದ್ರೆ, ಒಂದೊಂದು ಹಂತಾನೂ ಹಿಂದಿನದರ ಕಾಲು ಭಾಗ, ಎಲ್ಲಾ ಕೂಡಿದ್ರೂ ಮೂಲ ಚಿತ್ರದ ಮೇಲೆ ಮೂರನೇ ಒಂದು ಭಾಗ ಅಷ್ಟೇ ಹೆಚ್ಚು. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂನವರು 2022ರಲ್ಲಿ ರೆಂಬ್ರಾಂಟ್‌ನ ನೈಟ್ ವಾಚ್ ಪೇಂಟಿಂಗಿನ 8,439 ಫೋಟೋ ಹೊಲಿದು 717 ಗಿಗಾಪಿಕ್ಸೆಲ್ ಚಿತ್ರ ವೆಬ್‌ಗೆ ಹಾಕಿದ್ರಲ್ಲ, ನಮ್ದು ಅದರ ಮೂರು ಸಾವಿರದಲ್ಲೊಂದು ಪಾಲು. ಅಷ್ಟು ದೊಡ್ಡದನ್ನ ಮೊಬೈಲಲ್ಲಿ ನೋಡೋಕೆ ಆಗೋದೂ ಇದೇ ತರ ತುಂಡು ತುಂಡಾಗಿ ಬರೋದ್ರಿಂದ.

ಕತ್ತರಿಸೋಕೆ ನನ್ ಮಟ್ಟಿಗೆ ಒಂದೇ ಟೂಲ್, ಲಿಬ್‌ವಿಪ್ಸ್. ಲಂಡನ್ನಿನ ನ್ಯಾಷನಲ್ ಗ್ಯಾಲರಿ ಚಿತ್ರಗಳನ್ನ ಡಿಜಿಟಲ್ ಮಾಡೋ ಪ್ರಾಜೆಕ್ಟಿಂದ ಹುಟ್ಟಿದ್ದು, ಮೂವತ್ತು ವರ್ಷಕ್ಕೂ ಹಳೇದು. ಚಿತ್ರನ ಪೂರ್ತಿ ಮೆಮೊರಿಗೆ ತಗೊಳ್ಳಲ್ಲ, ಪಟ್ಟಿ ಪಟ್ಟಿಯಾಗಿ ಓದ್ಕೊಂಡು ಹೋಗುತ್ತೆ, ಅದಕ್ಕೇ 4 ಜಿಬಿ ರ‍್ಯಾಮಿನ ಲ್ಯಾಪ್‌ಟಾಪಲ್ಲೂ ಒಂದು ಲೋಟ ಕಾಫಿ ಕುಡಿಯೋದ್ರೊಳಗೆ ಕೆಲಸ ಮುಗ್ಸುತ್ತೆ. ವಿಪ್ಸ್‌ನ ಡಿಝಡ್‌ಸೇವ್ ಅನ್ನೋ ಕಮಾಂಡ್, ಚಿತ್ರದ ಹೆಸರು, ಔಟ್‌ಪುಟ್ ಹೆಸರು, ಅಷ್ಟೇ. ಲೇಔಟ್ ಅನ್ನೋ ಆಪ್ಷನ್ ಬದಲಾಯಿಸಿದ್ರೆ ಕೆಳಗೆ ಹೇಳೋ ಹೆಚ್ಚುಕಮ್ಮಿ ಎಲ್ಲಾ ತರದ ಟೈಲೂ ಇದರಿಂದಲೇ ಬರುತ್ತೆ.

ಡೀಪ್ ಝೂಮ್ + ಓಪನ್‌ಸೀಡ್ರ್ಯಾಗನ್

2006ರಲ್ಲಿ ಮೈಕ್ರೋಸಾಫ್ಟ್ ಸೀಡ್ರ್ಯಾಗನ್ ಅನ್ನೋ ಕಂಪನಿ ಕೊಂಡ್ಕೊಂಡು, ಆಮೇಲೆ ತನ್ನ ಬ್ರೌಸರ್ ಪ್ಲಗಿನ್ ಸಿಲ್ವರ್‌ಲೈಟ್ ಜೊತೆ ಡೀಪ್ ಝೂಮ್ ಅಂತ ಬಿಟ್ಟಿದ್ದು. ಸಿಲ್ವರ್‌ಲೈಟ್ ಶಿವನ ಪಾದ ಸೇರಿತು, ಆ ಫೋಲ್ಡರ್ ಲೇಔಟ್ ಮಾತ್ರ ಉಳ್ಕೊಂಡ್ತು, ಈಗ ಓಪನ್‌ಸೀಡ್ರ್ಯಾಗನ್ ಅನ್ನೋ ಫ್ರೀ ಜಾವಾಸ್ಕ್ರಿಪ್ಟ್ ವ್ಯೂವರ್ ಅದನ್ನ ತೋರ್ಸುತ್ತೆ. ಡಿಝಡ್‌ಐ ಅನ್ನೋ ಒಂದು ಪುಟಾಣಿ ಎಕ್ಸ್‌ಎಂಎಲ್ ಫೈಲ್, ಪಕ್ಕದಲ್ಲಿ ಟೈಲ್ ತುಂಬಿದ ಒಂದು ಫೋಲ್ಡರ್. ಸರ್ವರ್ ಸೈಡಲ್ಲಿ ಏನೂ ಬೇಡ, ಮಾಮೂಲಿ ಹೋಸ್ಟಿಂಗಲ್ಲಿ ಫೋಲ್ಡರ್ ಇಟ್ರೆ ನಡೆಯುತ್ತೆ.

ಒಂಟಿ ದೊಡ್ಡ ಚಿತ್ರಕ್ಕೆ, ಅಂದ್ರೆ ವಂಶವೃಕ್ಷ, ಹಳೇ ಗ್ರೂಪ್ ಫೋಟೋ, ತಾಳೆಗರಿ, ಭಿತ್ತಿಚಿತ್ರ, ಇಂಥದ್ದಕ್ಕೆಲ್ಲಾ ಕಣ್ಮುಚ್ಚಿ ಇದನ್ನೇ ತಗೊಳ್ಳಿ ಅಂತೀನಿ. ಅಂಚಿನ ಟೈಲ್ ಎಷ್ಟಿದೆಯೋ ಅಷ್ಟೇ ಅಳತೆಗೆ ಕತ್ತರಿಸುತ್ತೆ, ಪಕ್ಕಪಕ್ಕದ ಟೈಲುಗಳು ಒಂದು ಪಿಕ್ಸೆಲ್ ಒಂದರ ಮೇಲೊಂದು ಹಾಯೋದ್ರಿಂದ ಝೂಮ್ ಮಾಡುವಾಗ ನಡುವೆ ಸಣ್ಣ ಬಿಳಿ ಗೆರೆ ಕಾಣೋ ಕಾಟ ತಪ್ಪುತ್ತೆ. ಅದಕ್ಕೇ ವಿಪ್ಸ್‌ನಲ್ಲಿ ಡೀಪ್ ಝೂಮ್ ಟೈಲಿನ ಡೀಫಾಲ್ಟ್ ಅಳತೆ 256 ಅಲ್ಲ, 254, ಎರಡೂ ಕಡೆ ಒಂದೊಂದು ಸೇರಿ 256 ಆಗುತ್ತೆ.

ಓಪನ್‌ಸೀಡ್ರ್ಯಾಗನ್‌ನಲ್ಲಿ ಎರಡು ಸೆಟ್ಟಿಂಗ್ ಮಾತ್ರ ಬದಲಾಯಿಸ್ಲೇಬೇಕು. ಒಂದು, ಮ್ಯಾಕ್ಸ್ ಝೂಮ್ ಪಿಕ್ಸೆಲ್ ರೇಷಿಯೋ ಅಂತ ಇದೆ, ಡೀಫಾಲ್ಟ್ 1.1, ಅಂದ್ರೆ ಮೂಲ ಪಿಕ್ಸೆಲ್ ಅಳತೆ ತಲುಪಿದ ತಕ್ಷಣ ಝೂಮ್ ನಿಂತ್ಹೋಗುತ್ತೆ. ನಮಗದು ಶಾರ್ಪಾಗಿ ಕಾಣುತ್ತೆ ಸರಿ, ಎಪ್ಪತ್ತು ದಾಟಿದ ಕಣ್ಣಿಗೆ ಸಾಲಲ್ಲ, ನಾನು 3 ಮಾಡ್ದೆ, ಸ್ವಲ್ಪ ಮಸುಕಾದ್ರೂ ಅಕ್ಷರ ದಪ್ಪ ಕಂಡ್ರೆ ಅವರಿಗೆ ಸಮಾಧಾನ. ಇನ್ನೊಂದು, ವ್ಯೂವರ್ ಮೊಬೈಲಲ್ಲಿ ಪರದೆ ಪೂರ್ತಿ ತುಂಬ್ಕೊಂಡ್ರೆ ಬೆರಳಿಟ್ಟಲ್ಲೆಲ್ಲಾ ಚಿತ್ರನೇ ಅಲ್ಲಾಡುತ್ತೆ, ಪೇಜ್ ಕೆಳಗೆ ಹೋಗೋದೇ ಇಲ್ಲ. ಎತ್ತರ ಶೇಕಡಾ 75ರ ಹತ್ರ ಇಟ್ಟು ಕೆಳಗೆ ಬೆರಳಿಡೋಕೆ ಜಾಗ ಬಿಡಿ.

ಝೂಮಿಫೈ ಅಂತ ಇದರ ಹಳೇ ಸೋದರ ಒಂದಿದೆ, ಫ್ಲ್ಯಾಶ್ ಕಾಲದ್ದು, 256 ಟೈಲಿಗೆ ಒಂದು ಗುಂಪು ಅಂತ ಫೋಲ್ಡರ್ ಮಾಡುತ್ತೆ. ಹಳೇ ಸೈಟಿಂದ ಟೈಲ್ ಸಿಕ್ಕಿದ್ರೆ ಓಪನ್‌ಸೀಡ್ರ್ಯಾಗನ್ ಅದನ್ನೂ ಓದುತ್ತೆ. ಹೊಸದಾಗಿ ಮಾಡೋಕೆ ಕಾರಣ ಇಲ್ಲ.

ಮ್ಯಾಪ್ ತರದ ಟೈಲ್ + ಲೀಫ್ಲೆಟ್

ಲೀಫ್ಲೆಟ್ ಮ್ಯಾಪಿಗೋಸ್ಕರ ಮಾಡಿದ ಜಾವಾಸ್ಕ್ರಿಪ್ಟ್ ಲೈಬ್ರರಿ, ಹಗುರ, ಸುಮಾರು 42 ಕೆಬಿ ಅಷ್ಟೇ, ಪಿನ್ ಚುಚ್ಚೋದು, ಪಾಪಪ್ ಬರ್ಸೋದು, ಗೆರೆ ಎಳೆಯೋದು ಎಲ್ಲಾ ರೆಡಿ ಇರುತ್ತೆ. ಸಿಂಪಲ್ ಸಿಆರ್‌ಎಸ್ ಅಂತ ಒಂದು ಮೋಡ್ ಇದೆ, ಅದ್ರಲ್ಲಿ ಭೂಮಿಯ ಅಕ್ಷಾಂಶ ರೇಖಾಂಶ ಬಿಟ್ಟು ಸಾದಾ ಚಿತ್ರಾನೂ ತೋರಿಸ್ಬೋದು. ಹಳೇ ಸರ್ವೆ ನಕ್ಷೆನ ಈಗಿನ ಮ್ಯಾಪ್ ಮೇಲೆ ಹೊದಿಸ್ಬೇಕು, ಕೆರೆ ಎಲ್ಲಿತ್ತು ಬಡಾವಣೆ ಎಲ್ಲಿ ಬಂತು ತೋರಿಸ್ಬೇಕು ಅಂದ್ರೆ ಇದೇ ಸರಿ, ಬೇರೆ ಯೋಚ್ನೆ ಬೇಡ. ಆಗ ಟೈಲ್ ಮಾಡೋಕೆ ಜಿಡಾಲ್ ಅನ್ನೋ ನಕ್ಷೆ ಟೂಲ್ ಬೇಕು, ಅದರಲ್ಲಿ ಜಿಡಾಲ್‌ಟುಟೈಲ್ಸ್ ಅಂತ ಸ್ಕ್ರಿಪ್ಟ್ ಇದೆ.

ಆದ್ರೆ ಸಾದಾ ಚಿತ್ರಕ್ಕೆ ಇದನ್ನ ಹಾಕೋಕೆ ಹೋಗಿ ನಾನು ನಕ್ಕು ನಕ್ಕು ಸುಸ್ತಾದೆ. ಜಿಡಾಲ್‌ಟುಟೈಲ್ಸ್ ಡೀಫಾಲ್ಟಾಗಿ ಟಿಎಂಎಸ್ ಲೆಕ್ಕದಲ್ಲಿ ಟೈಲಿಗೆ ನಂಬರ್ ಕೊಡುತ್ತೆ, ಅದ್ರಲ್ಲಿ ಸಾಲಿನ ನಂಬರ್ ಕೆಳಗಿಂದ ಮೇಲಕ್ಕೆ, ಲೀಫ್ಲೆಟ್ ಮೇಲಿಂದ ಕೆಳಕ್ಕೆ ಎಣ್ಸುತ್ತೆ. ಪೇಜ್ ತೆಗೆದ್ರೆ ಒಂದೊಂದು ಟೈಲೂ ನೆಟ್ಟಗಿದೆ, ಅಕ್ಷರ ಓದೋಕಾಗುತ್ತೆ, ಆದ್ರೆ ಸಾಲುಗಳು ತಿರುಗುಮುರುಗು, ಮರಿಮಕ್ಕಳು ಮೇಲೆ, ಮೂಲಪುರುಷ ಕೆಳಗೆ ಕೂತು ಎಲ್ಲರನ್ನೂ ಹೊತ್ಕೊಂಡಿದಾನೆ. ಅತ್ತಿಗೆ ನೋಡಿ "ಇದೇ ನಿಜ ಕಣೋ, ಹಿಂಗೇ ಬಿಡು" ಅಂದ್ರು. ಜಿಡಾಲ್ 3.1ರಿಂದ ಎಕ್ಸ್‌ವೈಝಡ್ ಅಂತ ಮೇಲಿಂದ ಕೆಳಕ್ಕೆ ಎಣಿಸೋ ಆಪ್ಷನ್ ಇದೆ, ಅದನ್ನ ಕೊಡಿ, ಇಲ್ಲಾ ಲೀಫ್ಲೆಟ್ಟಲ್ಲಿ ಟಿಎಂಎಸ್ ಟ್ರೂ ಅಂತ ಹಾಕಿ, ಎರಡರಲ್ಲಿ ಒಂದು. ಎರಡೂ ಮಾಡಿದ್ರೆ ಮತ್ತೆ ತಲೆಕೆಳಗು.

ವಿಪ್ಸ್‌ನ ಗೂಗಲ್ ಲೇಔಟಲ್ಲಿ ಬೇರೆ ತರ ಗುಂಡಿ ಇದೆ. ಅಲ್ಲಿ ಫೋಲ್ಡರ್ ಕ್ರಮ ಝೂಮ್, ಆಮೇಲೆ ವೈ (ಸಾಲು), ಆಮೇಲೆ ಎಕ್ಸ್ (ಕಂಬ). ನೆಟ್ಟಲ್ಲಿ ಸಿಗೋ ಲೀಫ್ಲೆಟ್ ಉದಾಹರಣೆಗಳಲ್ಲೆಲ್ಲಾ ಎಕ್ಸ್ ಮೊದ್ಲು. ನಕಲು ಹೊಡೆದ್ರೆ ಸಾಲು ಕಂಬ ಅದಲುಬದಲಾಗಿ ಚಿತ್ರ ಚಿಂದಿ. ಜೊತೆಗೆ ಈ ಲೇಔಟಲ್ಲಿ ಅಂಚಿನ ಟೈಲನ್ನ 256ಕ್ಕೆ ತುಂಬಿಸೋಕೆ ಬಿಳಿ ಬಣ್ಣ ಹಾಕುತ್ತೆ, ನಮ್ಮ ಕಾಗದ ಹಳದಿಗೆ ತಿರುಗಿರೋದ್ರಿಂದ ಅಂಚಲ್ಲಿ ಸುಣ್ಣ ಬಳಿದಂಗೆ ಕಾಣ್ತಿತ್ತು. ಬ್ಯಾಕ್‌ಗ್ರೌಂಡ್ ಆಪ್ಷನ್ನಲ್ಲಿ ಕಾಗದದ ಬಣ್ಣ ಕೊಟ್ರೆ ಸರಿಹೋಗುತ್ತೆ.

ಟ್ರಿಪಲ್ ಐ ಎಫ್

ಬ್ರಿಟಿಷ್ ಲೈಬ್ರರಿ, ಸ್ಟ್ಯಾನ್‌ಫರ್ಡ್, ಆಕ್ಸ್‌ಫರ್ಡಿನ ಬೋಡ್ಲಿಯನ್ ಇವರೆಲ್ಲಾ 2011ರ ಆಸುಪಾಸಲ್ಲಿ ಕೂತು, ಚಿತ್ರಗಳನ್ನ ವೆಬ್ಬಲ್ಲಿ ಒಂದೇ ತರ ಕೊಡೋಕೆ ಮಾಡ್ಕೊಂಡ ಒಪ್ಪಂದ, ಇಂಗ್ಲಿಷಲ್ಲಿ IIIF ಅಂತ ಬರೀತಾರೆ. ಒಂದು ಲೈಬ್ರರಿಯ ಹಸ್ತಪ್ರತಿನ ಇನ್ನೊಂದು ಲೈಬ್ರರಿಯ ವ್ಯೂವರಲ್ಲಿ ತೆಗೆದು ಪಕ್ಕಪಕ್ಕ ಇಟ್ಟು ನೋಡ್ಬೋದು, ಚಿತ್ರದ ಇಷ್ಟು ಭಾಗ ಇಷ್ಟು ಸೈಜಲ್ಲಿ ಕೊಡು ಅಂತ ವಿಳಾಸದಲ್ಲೇ ಕೇಳ್ಬೋದು. ಸಾವಿರಾರು ಪುಟದ ತಾಳೆಗರಿ ಸಂಗ್ರಹ, ಮಠದ ಕಡತ, ಯೂನಿವರ್ಸಿಟಿಯ ಹಸ್ತಪ್ರತಿ ವಿಭಾಗ ಇಂಥ ಕಡೆ ಕೆಲಸ ಮಾಡ್ತಿದ್ರೆ ಇವತ್ತೇ ಇದಕ್ಕೆ ಹೋಗಿ, ಡೀಪ್ ಝೂಮಲ್ಲಿ ಶುರು ಮಾಡಿ ಆಮೇಲೆ ಬದಲಾಯಿಸೋಣ ಅನ್ಬೇಡಿ, ಆಮೇಲೆ ಅನ್ನೋದು ಬರಲ್ಲ. ಪೂರ್ತಿ ಸವಲತ್ತು ಬೇಕಂದ್ರೆ ಕ್ಯಾಂಟಲೂಪ್, ಐಐಪಿಇಮೇಜ್ ತರದ ಸರ್ವರ್ ಓಡ್ತಿರ್ಬೇಕು, ಅಂದ್ರೆ ಸ್ವಂತ ಸರ್ವರ್ ಮತ್ತು ಅದನ್ನ ನೋಡ್ಕೊಳ್ಳೋ ಒಬ್ಬ ಮನುಷ್ಯ. ತಿಂಗಳಿಗೆ ನೂರಿನ್ನೂರು ರೂಪಾಯಿಯ ಶೇರ್ಡ್ ಹೋಸ್ಟಿಂಗಲ್ಲಿ ಆಗೋ ಮಾತಲ್ಲ.

ಸರ್ವರ್ ಇಲ್ಲದೆ ಬರೀ ಫೈಲಲ್ಲೂ ಮಾಡ್ಬೋದು, ಲೆವೆಲ್ ಝೀರೋ ಅಂತಾರೆ, ವಿಪ್ಸ್‌ನಲ್ಲೇ ಬರುತ್ತೆ. ಆಗ ನೆನಪಿಡ್ಬೇಕಾದ್ದು ಐಡಿ ಅನ್ನೋ ಆಪ್ಷನ್, ಅಲ್ಲಿ ನಿಮ್ ಸೈಟಿನ ಪೂರ್ತಿ ವಿಳಾಸ ಕೊಡ್ಬೇಕು, ಮರೆತ್ರೆ ಚಿತ್ರದ ವಿವರ ಇರೋ ಇನ್ಫೋ ಫೈಲೊಳಗೆ ಎಕ್ಸಾಂಪಲ್ ಡಾಟ್ ಕಾಮ್ ಅಂತ ಕೂತಿರುತ್ತೆ, ವ್ಯೂವರ್ ಅಲ್ಲಿಗೆ ಹೋಗಿ ಟೈಲ್ ಹುಡುಕುತ್ತೆ. ನಾಳೆ ಡೊಮೇನ್ ಬದಲಾದ್ರೂ ಇದೇ ಪಾಡು. ಡೀಪ್ ಝೂಮಲ್ಲಿ ಈ ತಲೆನೋವಿಲ್ಲ, ಫೋಲ್ಡರ್ ಎತ್ತಿ ಎಲ್ಲಿಗೆ ಬೇಕಾದ್ರೂ ಇಡಿ.

ನಿಜವಾಗ್ಲೂ ತೀರ್ಮಾನ ಮಾಡೋದು ಫೈಲುಗಳ ಸಂಖ್ಯೆ

ಯಾವ ಫಾರ್ಮ್ಯಾಟು, ಯಾವ ವ್ಯೂವರು ಅಂತ ಜನ ಜಗಳ ಆಡ್ತಾರೆ, ನನಗೆ ಕೊನೆಗೆ ಹೊಡೆತ ಬಿದ್ದಿದ್ದು ಇಲ್ಲಿ. 254ರ ಟೈಲಲ್ಲಿ ನಮ್ಮ ವಂಶವೃಕ್ಷ ಸುಮಾರು 5,000 ಫೈಲಾಯ್ತು. ಒಂದೊಂದೂ ಹತ್ತಿಪ್ಪತ್ತು ಕೆಬಿ. ಎಫ್‌ಟಿಪಿಲಿ ಅಪ್‌ಲೋಡ್ ಹಚ್ಚಿ ಮಲಗ್ದೆ, ಬೆಳಗ್ಗೆ ಎದ್ದು ನೋಡಿದ್ರೆ ಇನ್ನೂ ಓಡ್ತಾ ಇದೆ, ಮಧ್ಯ ಕರೆಂಟ್ ಹೋಗಿ ನೆಟ್ ಕಟ್ಟಾದಾಗ ಹನ್ನೆರಡು ಫೈಲ್ ಅರ್ಧಂಬರ್ಧ ಕೂತಿದೆ, ಯಾವ ಹನ್ನೆರಡು ಅಂತ ಚಿತ್ರದಲ್ಲಿ ಬೂದು ಚೌಕ ಹುಡುಕ್ಕೊಂಡು ಹೋಗ್ಬೇಕು. ಇದಕ್ಕೆ ಮದ್ದು ಎರಡು. ಡಿಝಡ್‌ಸೇವ್‌ಗೆ ಔಟ್‌ಪುಟ್ ಹೆಸರಿನ ಕೊನೇಲಿ ಡಾಟ್ ಝಿಪ್ ಅಂತ ಕೊಡಿ, ನೇರ ಝಿಪ್ಪೊಳಗೇ ಬರೆಯುತ್ತೆ, ಆ ಒಂದು ಫೈಲ್ ಅಪ್‌ಲೋಡ್ ಮಾಡಿ, ಹೋಸ್ಟಿಂಗಿನ ಕಂಟ್ರೋಲ್ ಪ್ಯಾನೆಲ್ ಆದ ಸಿಪ್ಯಾನೆಲ್‌ನ ಫೈಲ್ ಮ್ಯಾನೇಜರಲ್ಲಿ ಬಿಚ್ಚಿ. ಎರಡನೇದು, ಟೈಲ್ ಅಳತೆನ 510 ಮಾಡಿ, ಫೈಲು 5,000ದಿಂದ 1,300ರ ಹತ್ರ ಇಳಿಯುತ್ತೆ. ಚಿಕ್ಕ ಟೈಲಿಗೆ ರಿಕ್ವೆಸ್ಟ್ ಜಾಸ್ತಿ, ದೊಡ್ಡ ಟೈಲಿಗೆ ಅಂಚಲ್ಲಿ ವ್ಯರ್ಥ ಡೌನ್‌ಲೋಡ್ ಸ್ವಲ್ಪ ಜಾಸ್ತಿ, ಈಗಿನ ಮೊಬೈಲ್ ಪರದೆಗೆ 512ರ ಸುತ್ತಮುತ್ತನೇ ಒಳ್ಳೇದು. ಹೋಸ್ಟಿಂಗ್ ಹಳೇ ಎಚ್‌ಟಿಟಿಪಿ 1.1 ಆಗಿದ್ರಂತೂ ಬ್ರೌಸರ್ ಒಂದು ಸಲಕ್ಕೆ ಆರೇ ಕನೆಕ್ಷನ್ ತೆಗೆಯೋದು, ಐವತ್ತು ಟೈಲ್ ಆರಾರಾಗಿ ಬರೋದು ನೋಡ್ತಾ ಕೂತ್ರೆ ರೇಷನ್ ಅಂಗಡಿ ಕ್ಯೂ ನೆನಪಾಗುತ್ತೆ.

ಶೇರ್ಡ್ ಹೋಸ್ಟಿಂಗಲ್ಲಿ ಜಿಬಿ ಲೆಕ್ಕದ ಜೊತೆ ಐನೋಡ್ ಅಂತ ಫೈಲುಗಳ ಲೆಕ್ಕಾನೂ ಇರುತ್ತೆ, ಪ್ಲಾನ್ ಓದಿ ನೋಡಿ. ಗಿಟ್‌ಹಬ್ ಪೇಜಸ್ ಅನ್ನೋ ಹೋಸ್ಟಿಂಗ್ ಫ್ರೀ, ಸೈಟ್ ಒಂದು ಜಿಬಿ ಒಳಗಿರ್ಬೇಕು, ನಮ್ಮಂಥ ಒಂದು ಚಿತ್ರಕ್ಕೆ ಧಾರಾಳ.

ಇಷ್ಟೊಂದು ಫೈಲೇ ಬೇಡ ಅನ್ನೋರಿಗೆ ಪಿಎಂಟೈಲ್ಸ್ ಅಂತ ಇದೆ, ಎಲ್ಲಾ ಟೈಲೂ ಒಂದೇ ಫೈಲಲ್ಲಿ, ಬ್ರೌಸರ್ ಬೇಕಾದ ತುಂಡನ್ನ ಮಾತ್ರ ರೇಂಜ್ ರಿಕ್ವೆಸ್ಟಲ್ಲಿ ಕಿತ್ಕೊಳ್ಳುತ್ತೆ. ಮ್ಯಾಪಿಗೆ ಅದ್ಭುತ. ಸಾದಾ ಚಿತ್ರನ ಅದರೊಳಗೆ ತೂರ್ಸೋಕೆ ಎರಡು ಮೂರು ಸಲ ಕನ್ವರ್ಟ್ ಮಾಡ್ಬೇಕು, ನಾನು ಅರ್ಧದಲ್ಲಿ ಕೈಬಿಟ್ಟೆ.

ಕನ್ನಡ ಅಕ್ಷರ ಇದ್ರೆ ಕ್ವಾಲಿಟಿ ಬಗ್ಗೆ

ವಿಪ್ಸ್ ಜೆಪೆಗ್ ಕ್ವಾಲಿಟಿ ಡೀಫಾಲ್ಟ್ 75. ಪ್ರಕೃತಿ ದೃಶ್ಯಕ್ಕೆ ಸಾಕು, ಕೈಬರಹದ ಕನ್ನಡಕ್ಕೆ ಸಾಲಲ್ಲ, ಒತ್ತಕ್ಷರದ ಸುತ್ತ ಧೂಳು ಕೂತಂಗೆ ಕಾಣುತ್ತೆ. ಇನ್ನೊಂದು ವಿಷ್ಯ ದತ್ತು ಮಕ್ಕಳ ಕೆಂಪು ಶಾಯಿ ನನಗೆ ಕಲಿಸ್ತು. 90ಕ್ಕಿಂತ ಕಮ್ಮಿ ಕ್ವಾಲಿಟಿ ಕೊಟ್ರೆ ವಿಪ್ಸ್ ಬಣ್ಣದ ಮಾಹಿತಿನ ಅರ್ಧ ರೆಸಲ್ಯೂಷನ್ನಿಗೆ ಇಳಿಸ್ಬಿಡುತ್ತೆ, ಕಪ್ಪು ಅಕ್ಷರಕ್ಕೆ ಏನೂ ಆಗಲ್ಲ, ಕೆಂಪು ಅಕ್ಷರ ಮಾತ್ರ ಒದ್ದೆ ಕಾಗದದ ಮೇಲೆ ಬರೆದಂಗೆ ಹರಡುತ್ತೆ. 90 ಕೊಟ್ಟೆ, ಅಕ್ಷರದ ಒಂದೊಂದು ಗೆರೆನೂ ಸ್ಪಷ್ಟ ಕಂಡ್ತು. ವೆಬ್‌ಪಿ ಚಿಕ್ಕದು ಅಂತ ಅದಕ್ಕೆ ಹೋಗೋರು ಗಮನಿಸಿ, ಮಾಮೂಲಿ ಲಾಸಿ (ಸ್ವಲ್ಪ ಮಾಹಿತಿ ಬಿಟ್ಟು ಚಿಕ್ಕದು ಮಾಡೋ) ವೆಬ್‌ಪಿಲಿ ಬಣ್ಣ ಯಾವಾಗ್ಲೂ ಅರ್ಧ ರೆಸಲ್ಯೂಷನ್ನೇ, ಕ್ವಾಲಿಟಿ ಎಷ್ಟೇ ಏರಿಸಿದ್ರೂ. ಕೆಂಪು, ನೀಲಿ ಶಾಯಿ ಇರೋ ಕಡತಕ್ಕೆ ಜೆಪೆಗ್ಗೇ ಇರ್ಲಿ.

ಟೈಲ್ ಮಾಡಿದ್ರೆ ಯಾರೂ ಡೌನ್‌ಲೋಡ್ ಮಾಡೋಕಾಗಲ್ಲ ಅಂತ ಕೆಲವರು ನಂಬಿದಾರೆ. ಟೈಲ್ ಹೊಲಿದು ವಾಪಸ್ ಒಂದು ಚಿತ್ರ ಮಾಡ್ಕೊಡೋ ಟೂಲುಗಳು ಫ್ರೀಯಾಗೇ ಇವೆ. ನಮ್ದರಲ್ಲಿ ಬದುಕಿರೋರ ಹುಟ್ಟಿದ ತಾರೀಕೂ ಇತ್ತು, ಅದನ್ನ ಟೈಲ್ ಮಾಡೋ ಮೊದ್ಲೇ ಮುಚ್ಚಿ, ಪೇಜಿಗೆ ಪಾಸ್‌ವರ್ಡ್ ಹಾಕಿದೀನಿ.

ಅಂತೂ ಡೀಪ್ ಝೂಮ್, 510ರ ಟೈಲು, ಜೆಪೆಗ್ 90, ಓಪನ್‌ಸೀಡ್ರ್ಯಾಗನ್ ಅಂತ ಲಿಂಕ್ ಫ್ಯಾಮಿಲಿ ಗ್ರೂಪಿಗೆ ಹಾಕಿದ್ದು ರಾತ್ರಿ ಒಂಬತ್ತಕ್ಕೆ. ಒಂಬತ್ತೂಕಾಲಿಗೆ ಅತ್ತೆ ಫೋನು. "ನನ್ ಹೆಸರಲ್ಲಿ ಒತ್ತು ಬಿಟ್ಟಿದಾನಲ್ಲೋ ನಮ್ಮಣ್ಣ, ಇಷ್ಟು ವರ್ಷ ಗೋಡೆ ಮೇಲೆ ಇತ್ತು, ಒಬ್ಬರಿಗೂ ಕಂಡಿಲ್ಲ." ಮೂಲ ಸ್ಕ್ಯಾನಲ್ಲಿ ಒತ್ತು ಸೇರಿಸಿ ಮತ್ತೆ ಡಿಝಡ್‌ಸೇವ್ ಓಡ್ಸಿ ಅದೇ ಫೋಲ್ಡರಿಗೆ ಹಾಕ್ದೆ. ಅತ್ತೆಗೆ ಇನ್ನೂ ಹಳೇದೇ ಕಾಣ್ತಿದೆ, ಯಾಕಂದ್ರೆ ಟೈಲಿನ ಹೆಸರು ಅದೇ, ಅವರ ಮೊಬೈಲ್ ಕ್ಯಾಶಿಂದ, ಅಂದ್ರೆ ಮೊದ್ಲೇ ಇಳಿಸಿಟ್ಕೊಂಡ ನಕಲಿಂದ, ತೆಗೆದು ತೋರಿಸ್ತಿದೆ. ಅದಕ್ಕೇ ತಿದ್ದಿದಾಗೆಲ್ಲಾ ಫೋಲ್ಡರ್ ಹೆಸರು ಬದಲಾಯಿಸಿ, ವೃಕ್ಷ1, ವೃಕ್ಷ2 ಅಂತ, ಪೇಜಲ್ಲಿ ಒಂದು ಕಡೆ ಆ ಹೆಸರು ತಿದ್ದಿದ್ರೆ ಆಯ್ತು. ನಮ್ದು ಈಗ ವೃಕ್ಷ7ರಲ್ಲಿದೆ.